ಹಿಂದಿನ ಕುರ್ಚಿಯ ಅಂಬುಜಮ್ಮನವರು

ಮದರಾಸಿನ ಕನ್ನಡಿಗರಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಅನೇಕರು. ಇಂಗ್ಲಿಷ್ ಬಾರದ ತಾಯಂದಿರಿಗೆ ಶಾಲೆಯ ಎದುರು ಬಾಯಿ ತೆರೆಯಲು ಕಲಿಸಿದವರು ಶ್ರೀಮತಿ ಅಂಬುಜಮ್ಮನವರು. ಪುರಸೈವಾಕ್ಕಂನ ಹಳೆಯ ಮಾಧ್ವ ಮನೆತನದ ಅವರು ಈಗ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿಯ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ. ಈ ಲೇಖನಕ್ಕೆ ಅವರು ಹಾಕಿದ ಷರತ್ತು ಒಂದೇ: "ಬರೆಯೋದಾದ್ರೆ ಸಾಕಮ್ಮನ ವಿಷಯ ಬರೀರಿ. ಇಲ್ಲಾಂದ್ರೆ ನನ್ನ ಹೆಸರೇ ಬೇಡ."

ತೊಂಬತ್ತರ ದಶಕದ ಕೊನೆಯಲ್ಲಿ ವಡಪಳನಿಯ ನಮ್ಮ ಓದುಗರ ಕೂಟಕ್ಕೆ ತಾಯಂದಿರು ಶಾಲೆಯ ಸುತ್ತೋಲೆಗಳನ್ನು ಹಿಡಿದು ಬರುತ್ತಿದ್ದರು. ಅಂಬುಜಮ್ಮನವರು ಓದಿ ಹೇಳುತ್ತಿದ್ದರು, ಗದರುತ್ತಲೂ ಇದ್ದರು: "ಅಲ್ರೀ, ಫೀಸು ಕಟ್ಟೋರೂ ನೀವೇ, ಹೆಡ್‌ಮಿಸ್ ಬಾಗಿಲಾಚೆ ಚಪ್ಪಲಿ ಬಿಟ್ಟು ನಿಲ್ಲೋರೂ ನೀವೇನಾ?"

ಹಾಗೆ ಬಂದವರು ಮಂಡ್ಯ ಕಡೆಯ ಸಾಕಮ್ಮ. ಪತಿ ಗಂಗಾಧರ ಸ್ಟುಡಿಯೋದಲ್ಲಿ ಸೆಟ್ಟುಗಳಿಗೆ ಬಣ್ಣ ಬಳಿಯುತ್ತಿದ್ದರು. ಮಗಳು ಬೃಂದಾ ಇಂಗ್ಲಿಷಿನಲ್ಲಿ ಉತ್ತರಿಸಲಿಲ್ಲವೆಂದು ಅವಳನ್ನು ನಾಲ್ಕರಿಂದ ಮೂರನೆಯ ತರಗತಿಗೆ ಇಳಿಸಲು ಶಾಲೆ ಹೊರಟಿತ್ತು. ಮಗುವಿಗೆ ಬಾರದಿದ್ದುದು ಒಂದು ಭಾಷೆ. ಶಾಲೆ ಅದನ್ನೇ ಬುದ್ಧಿಯ ಕೊರತೆಯೆಂದು ತೀರ್ಪಿತ್ತಿತು!

ಅಂಬುಜಮ್ಮನವರು ಜೊತೆಗೆ ಹೋದರು. ಅವರ ಸೊಗಸಾದ ಇಂಗ್ಲಿಷಿಗೆ ಮುಖ್ಯೋಪಾಧ್ಯಾಯಿನಿ ಕರಗಿದರು, ಕಾಫಿ ತರಿಸಿದರು. ಒಂದೇ ಟರ್ಮು ಮೂರರಲ್ಲಿ ಕೂರಲಿ, ಆಮೇಲೆ ನಾಲ್ಕಕ್ಕೆ ಮರಳಲಿ ಎಂದು ಅವರಿಬ್ಬರೇ ಇಂಗ್ಲಿಷಿನಲ್ಲಿ ಒಪ್ಪಿಕೊಂಡರು. ಗೆದ್ದೆವೆಂದೇ ಅಂಬುಜಮ್ಮನವರು ಹೊರಬಂದರು.

"ಏನಂದ್ರಮ್ಮ?" ಎಂದು ಕೇಳಿದ ಸಾಕಮ್ಮ ವಿಷಯ ತಿಳಿದು ಗೇಟಿನಲ್ಲೇ ನಿಂತುಬಿಟ್ಟರು. "ಪಕ್ಕದಾಗೇ ಕುಂತಿದ್ನಲ್ಲ, ನನ್ನ ಒಂದ್ ಮಾತೂ ಕೇಳ್ನಿಲ್ವಲ್ಲಮ್ಮ! ತಮಿಳ್ನಾಗೆ ಕೇಳಿದ್ರೆ ಲೆಕ್ಕವ ಪಟಪಟ ಅಂತಾಳೆ ನನ್ ಮಗ್ಳು. ಅದ್ನೇ ಹೇಳಾನ ಅಂತ ಬಂದಿದ್ದೆ."

ಒಂದು ಟರ್ಮು ಎಂದದ್ದು ಇಡೀ ವರ್ಷವಾಯಿತು. ಚಿಕ್ಕಮಕ್ಕಳ ನಡುವೆ ಕುಳಿತ ಬೃಂದಾ ಲೆಕ್ಕಕ್ಕೂ ಕೈಯೆತ್ತುವುದನ್ನು ಬಿಟ್ಟಳು. ಸಾಕಮ್ಮನ ಸಂಸಾರ ನಗರದಂಚಿನ ಪೋರೂರಿಗೆ ಹೋಯಿತು, ಹುಡುಗಿಯ ಶಾಲೆ ಅಲ್ಲಿಗೇ ನಿಂತಿತು. ಮತ್ತೆ ಸೇರಿಸೋಣವೆಂದು ಅಂಬುಜಮ್ಮನವರು ಹುಡುಕಿಕೊಂಡು ಹೋದಾಗ, ಬೃಂದಾ ತಲೆಯೆತ್ತದೆ ತಮಿಳಿನಲ್ಲೇ "ವೇಂಡಾಂ ಮಿಸ್", ಬೇಡ, ಎಂದಳಂತೆ.

ಆಮೇಲೆ ಯಾವ ಶಾಲೆಗೆ ಹೋದರೂ ತಾಯಿಯ ಕುರ್ಚಿ ಮುಂದೆ, ಅಂಬುಜಮ್ಮನವರದು ಹಿಂದೆ. ತಾಯಿ ತನ್ನ ಮಾತಿನಲ್ಲಿ ಹೇಳಿ ಮುಗಿಸುವವರೆಗೂ ಅವರು ತುಟಿ ಬಿಚ್ಚಿದವರಲ್ಲ. ಬಳಿಕ ಅಷ್ಟನ್ನೇ ಇಂಗ್ಲಿಷಿಗೆ ತಿರುಗಿಸುವರು. ಎಷ್ಟೋ ಮಕ್ಕಳು ಹೀಗೆ ತಮ್ಮ ತರಗತಿಯಲ್ಲೇ ಉಳಿದರು. ಬೃಂದಾಳ ವರ್ಷವನ್ನು ಮಾತ್ರ ಯಾವ ಅಭಿನಂದನೆಯೂ ಹಿಂದಕ್ಕೆ ತರಲಾರದು.

ಅಂಬುಜಮ್ಮನವರು ನೂರ್ಕಾಲ ಬಾಳಲಿ. ನಿವೃತ್ತಿ ಕಾಲೇಜಿನಿಂದಾಗಲಿ, ಆ ಹಿಂದಿನ ಕುರ್ಚಿಯಿಂದ ಬೇಡ. ನಮ್ಮ ಕೂಟ ಏರ್ಪಡಿಸಿರುವ ಅವರ ಅಭಿನಂದನಾ ಸಮಾರಂಭಕ್ಕೆ ಕರೆಯಲು ಹೋದಾಗ ಸಾಕಮ್ಮನವರು ಕೇಳಿದ್ದು ಇಷ್ಟೇ: "ಬತ್ತೀನಿ. ಅಲ್ಲಾದ್ರೂ ನಂಗೆ ಮಾತಾಡಕ್ಕೆ ಬುಡ್ತೀರಾ?"

ಸಮಾರಂಭದ ಮೊದಲ ಮಾತು ಸಾಕಮ್ಮನವರದೇ. ಅಂಬುಜಮ್ಮನವರ ಕುರ್ಚಿಯನ್ನು, ಅವರದೇ ಅಪ್ಪಣೆಯಂತೆ, ಹಿಂದೆ ಹಾಕಿದ್ದೇವೆ.