ಮ್ಯಾನೇಜರಮ್ಮ ಕಾಲೇಜಿಗೆ ಹೋದದ್ದು

ನಾನು ಕಾಲೇಜಿಗೆ ಸೇರಿದ ಮೊದಲ ದಿನ ಇಡೀ ತರಗತಿ ಎದ್ದು ನಿಂತು ನನಗೆ ನಮಸ್ಕಾರ ಹೇಳಿತು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೂವತ್ತೈದು ದಾಟಿದ, ಗರಿಗರಿಯಾದ ಮೆರೂನ್ ಸೀರೆ ಉಟ್ಟ, ಕೈಯಲ್ಲಿ ಇಷ್ಟುದ್ದದ ಕೀಗೊಂಚಲು ಹಿಡಿದ ಹೆಂಗಸು ಬಾಗಿಲಲ್ಲಿ ಕಾಣಿಸಿಕೊಂಡರೆ ಯಾರಾದರೂ ಏಳುತ್ತಾರೆ. ತಪ್ಪು ನನ್ನ ಬಾಯಿಯದು. ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಸಿಬ್ಬಂದಿಯನ್ನು ಸಾಲಾಗಿ ನಿಲ್ಲಿಸಿ ಮಾತಾಡಿ ಅಭ್ಯಾಸವಾದ ಆ ಬಾಯಿ, "ಹಾಂ ಹಾಂ, ಕೂತ್ಕೊಳ್ಳಿ. ಇವತ್ತು ಯಾರ್ಯಾರು ಬಂದಿಲ್ಲ?" ಎಂದುಬಿಟ್ಟಿತು. ಮುಂದಿನ ಬೆಂಚಿನ ಹುಡುಗನೊಬ್ಬ ಗೈರುಹಾಜರಾದವರ ಹೆಸರು ಹೇಳತೊಡಗಿದ. ಅವನು ಮುಗಿಸುವವರೆಗೂ ಗಂಭೀರವಾಗಿ ತಲೆಯಾಡಿಸಿ, ಆಮೇಲೆ ಮೆಲ್ಲಗೆ ನಡೆದುಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಇಡೀ ತರಗತಿ ಕತ್ತು ತಿರುಗಿಸಿ ನನ್ನನ್ನೇ ನೋಡಿತು.

ನಿಜವಾದ ಮೇಷ್ಟ್ರು ಬಂದದ್ದು ಅನಂತರ. ಪ್ರಸಾದ್ ಸರ್ ನನ್ನ ಕಿರಿಯ ತಮ್ಮನಿಗಿಂತ ಚಿಕ್ಕವರು. ನನ್ನನ್ನು ನೋಡಿ ಬಹಳ ವಿನಯದಿಂದ, "ಮೇಡಂ, ಪಾಲಕರ ಸಭೆ ಮುಂದಿನ ತಿಂಗಳು" ಎಂದರು. "ನಾನು ಪಾಲಕಿ ಅಲ್ಲ ಸರ್, ವಿದ್ಯಾರ್ಥಿನಿ" ಎನ್ನುತ್ತ ಎದ್ದೆ. ಮೊಣಕಾಲು ಡೆಸ್ಕಿಗೆ ಬಡಿದು ಕೀಗೊಂಚಲು ಝಣಝಣ ಎಂದು ನೆಲಕ್ಕೆ ಬಿತ್ತು. ಎಲ್ಲರೂ ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ; ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳು ಕಾನಸೂರಿನ ನಯನಾ. ಸಂಜೆ ಹೊತ್ತು ನಮ್ಮದೇ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುವವಳು. ಮ್ಯಾನೇಜರು ಬಿದ್ದರೆ ನಗುವಷ್ಟು ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಮುಂದೆ ಬಂತು.

ನಮ್ಮ ಅಂಗಡಿ ಶಿರಸಿ ಪೇಟೆಯಲ್ಲಿದೆ. ಕೆಳಗೆ ದಿನಸಿ, ಮಧ್ಯದ ಮಾಳಿಗೆಯಲ್ಲಿ ಬಟ್ಟೆ, ಮೇಲೆ ಪಾತ್ರೆ-ಪಡಗ. ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಒಂದೊಂದು ಚಿಕ್ಕ ಶಾಖೆ. ಮಾಲೀಕರಾದ ಹಮೀದ್ ಸಾಹೇಬರು ಯಲ್ಲಾಪುರದವರು. ಲಾರಿ ವ್ಯವಹಾರ ನೋಡಿಕೊಂಡು ಅಲ್ಲೇ ಇರುತ್ತಾರೆ. ಮೂರು ಅಂಗಡಿಗಳ ಉಸ್ತುವಾರಿ ನನ್ನದು. ಪಿಯುಸಿ ಮುಗಿಸಿ, ಗುಡ್ನಾಪುರದಿಂದ ಮದುವೆಯಾಗಿ ಶಿರಸಿಗೆ ಬಂದವಳು ಸೀರೆ ಮಡಚುವ ಕೆಲಸಕ್ಕೆ ಸೇರಿ, ಮಡಚುತ್ತ ಮಡಚುತ್ತ ಮ್ಯಾನೇಜರಾದೆ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಆ ಜಂಬಕ್ಕೆ ಪೆಟ್ಟು ಕೊಟ್ಟವನು ಕೆಲಸ ಕೇಳಿಕೊಂಡು ಬಂದಿದ್ದ ಒಬ್ಬ ಪದವೀಧರ ಹುಡುಗ. ಅವನ ಸಂದರ್ಶನ ಮಾಡಿದವಳು ನಾನೇ. ಕೊನೆಯಲ್ಲಿ ದೊಡ್ಡ ಮನಸ್ಸು ಮಾಡಿ, "ನಿಮಗೇನಾದರೂ ಕೇಳೋದಿದ್ರೆ ಕೇಳಿ" ಎಂದೆ. ಅವನು ಮುಗ್ಧವಾಗಿ, "ಮೇಡಂ, ನಿಮ್ದು ಯಾವ ಡಿಗ್ರಿ?" ಎಂದು ಕೇಳಿದ. "ಒಂದ್ನಿಮಿಷ, ಸಕ್ಕರೆ ಬಂತಾ ನೋಡ್ಕೊಂಡು ಬರ್ತೀನಿ" ಎಂದು ಎದ್ದು ಗೋದಾಮಿಗೆ ಹೋದವಳು ಅವನು ಹೋಗುವವರೆಗೂ ಹೊರಗೆ ಬರಲಿಲ್ಲ. ಸಕ್ಕರೆ ಹಿಂದಿನ ದಿನವೇ ಬಂದಿತ್ತು.

ನಾನೂ ಡಿಗ್ರಿ ಮಾಡುತ್ತೇನೆ ಎಂದಾಗ ಮನೆಯಲ್ಲಿ ದೂರಶಿಕ್ಷಣದ ಸಲಹೆ ಬಂತು. ಆದರೆ ನನ್ನ ಸ್ವಭಾವ ನನಗೆ ಗೊತ್ತು. ದೂರಶಿಕ್ಷಣಕ್ಕೆ ಸೇರಿದರೆ ಪುಸ್ತಕ ದೂರದಲ್ಲೇ ಉಳಿಯುತ್ತದೆ. ಬೆಂಚಿನ ಮೇಲೆ ಕೂರಿಸಿ ಹಾಜರಿ ಕೂಗಿದರೆ ಮಾತ್ರ ಓದುವ ಜಾತಿ ನಾನು. ಹಮೀದ್ ಸಾಹೇಬರಿಗೆ ಫೋನು ಮಾಡಿದೆ. "ಓದು ಬೇಟಿ, ಬೇಡ ಅನ್ನೋಕೆ ನಾನ್ಯಾರು? ಅಂಗಡಿ ಮಾತ್ರ ನಿಲ್ಬಾರ್ದು ನೋಡು" ಎಂದರು. ಅತ್ತೆಯವರು ಬನವಾಸಿ ಕಡೆಯವರು. ಅವರ ಒಪ್ಪಿಗೆಗೆ ಬೇರೆಯೇ ಧಾಟಿ. "ಓದಾಕ ಹೋಗವ್ವ. ಆದ್ರ ಮನಿಗೆ ಬಂದು ನಮಗ ಪಾಠ ಹೇಳಬ್ಯಾಡ. ಮ್ಯಾನೇಜರ್ ಆದಾಗನ ಭಾಳ ಹೇಳೀದಿ" ಎಂದರು. ನನ್ನವರು ಏನೂ ಹೇಳದೆ ಒಂದು ಕಂಪಾಸು ಪೆಟ್ಟಿಗೆ ತಂದುಕೊಟ್ಟರು. ಬಿ.ಕಾಂ.ಗೆ ಕಂಪಾಸು ಬೇಡವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಹೀಗೆ ಬೆಳಿಗ್ಗೆ ಅಂಗಡಿ ತೆರೆದು, ಅಲ್ಲಿಂದ ಕಾಲೇಜಿಗೆ ಓಡಿ, ಮಧ್ಯಾಹ್ನ ಮತ್ತೆ ಅಂಗಡಿಗೆ ಬರುವ ಜೀವನ ಶುರುವಾಯಿತು. ಎರಡನ್ನೂ ಮಾಡುವುದು ಕಷ್ಟವಲ್ಲ. ಎಲ್ಲಿದ್ದೇನೆಂದು ನೆನಪಿಟ್ಟುಕೊಳ್ಳುವುದು ಕಷ್ಟ. ತರಗತಿಯಲ್ಲಿ ಬೆಂಚಿನ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದ ಚೀಲಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟೆ. ಅಂಗಡಿಯಲ್ಲಿ ಗಿರಾಕಿಯೊಬ್ಬರು ಜೋರಾಗಿ ಕರೆದಾಗ "ಪ್ರೆಸೆಂಟ್ ಸರ್" ಎಂದೆ. ಒಂದು ದಿನ ಅರ್ಥಶಾಸ್ತ್ರದ ಪಾಠದ ನಡುವೆ ಫೋನು ಗುಂಯ್‌ಗುಟ್ಟಿತು. ಡೆಸ್ಕಿನ ಕೆಳಗೆ ತಲೆ ತೂರಿಸಿ ನೋಡಿದರೆ ಸಿದ್ದಾಪುರದ ಹುಡುಗಿಯ ಸಂದೇಶ: ಫ್ರಿಜ್ ಕೆಟ್ಟಿದೆ, ಐಸ್‌ಕ್ರೀಮ್ ಏನು ಮಾಡಲಿ? ಅದೇ ಗಳಿಗೆಗೆ ಮೇಲಿನಿಂದ ಅರ್ಥಶಾಸ್ತ್ರದ ಮೇಷ್ಟ್ರ ಧ್ವನಿ ಬಂತು, "ಹಿಂದಿನ ಬೆಂಚು, ಹೇಳಿ. ಬೇಡಿಕೆ ಇಲ್ಲದೆ ಪೂರೈಕೆ ಹೆಚ್ಚಾದರೆ ಏನಾಗುತ್ತದೆ?" ನಾನು ಎದ್ದು ನಿಂತು, "ಕರಗುತ್ತೆ ಸರ್" ಎಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, "ಒಂದು ಅರ್ಥದಲ್ಲಿ ಹೌದು" ಎಂದರು. ಎಷ್ಟು ಒಳ್ಳೆಯವರು ನೋಡಿ.

ಇಷ್ಟೆಲ್ಲ ಫಜೀತಿಯ ನಡುವೆಯೂ ಒಂದು ವಿಷಯದಲ್ಲಿ ನನಗೆ ನಿಶ್ಚಿಂತೆ ಇತ್ತು. ಅದು ಮಳಿಗೆ ನಿರ್ವಹಣೆ, ಪ್ರಸಾದ್ ಸರ್ ಕಲಿಸುತ್ತಿದ್ದ ವಿಷಯ. ದಿನಾ ಮಾಡುವ ಕೆಲಸವನ್ನೇ ಪಾಠವಾಗಿ ಓದುವುದೆಂದರೆ ಏನು? ಉಳಿದ ಮಕ್ಕಳು ನೋಟ್ಸು ಬರೆದುಕೊಳ್ಳುವಾಗ ನಾನು, ಪರವಾಗಿಲ್ಲ, ಹುಡುಗ ಚೆನ್ನಾಗಿಯೇ ಹೇಳುತ್ತಾನೆ ಎನ್ನುವ ಹಾಗೆ ಮೇಷ್ಟ್ರ ಕಡೆ ನೋಡಿ ತಲೆದೂಗುತ್ತಿದ್ದೆ. ಮೊದಲ ಕಿರುಪರೀಕ್ಷೆಯಲ್ಲಿ ಬಂದದ್ದು ದೂರು ಕೇಳುವ ಕ್ರಮ ವಿವರಿಸಿ ಎಂಬ ದೊಡ್ಡ ಪ್ರಶ್ನೆ. ಅದನ್ನು ನೋಡಿ ಒಳಗೊಳಗೇ ನಕ್ಕೆ. ಬಣ್ಣ ಬಿಟ್ಟ ಸೀರೆ, ಹುಳ ಬಿದ್ದ ರವೆ, ತೂತು ಬಿದ್ದ ಕುಕ್ಕರು, ಎಂತೆಂಥ ಗಿರಾಕಿಗಳನ್ನು ಸಮಾಧಾನ ಮಾಡಿದವಳು ನಾನು! ಕೇಳಿ ಪಡೆದ ಹೆಚ್ಚಿನ ಹಾಳೆಗಳಲ್ಲೂ ಬರೆದೆ.

ಫೇಲಾದೆ.

ಹಾಳೆ ಹಿಡಿದುಕೊಂಡು ಪ್ರಸಾದ್ ಸರ್ ಬಳಿ ನ್ಯಾಯ ಕೇಳಲು ಹೋದೆ. ಗಿರಾಕಿಗಳು ನನ್ನ ಬಳಿ ಬರುವ ರೀತಿಯಲ್ಲೇ, ಸ್ವಲ್ಪ ಧ್ವನಿ ಏರಿಸಿಕೊಂಡೇ ಹೋದೆ. ಅವರು ಕುರ್ಚಿ ತೋರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ, "ಮೇಡಂ, ನೀವು ಬರೆದದ್ದರಲ್ಲಿ ಒಂದು ವಾಕ್ಯವೂ ತಪ್ಪಿಲ್ಲ. ಆದರೆ ಪ್ರಶ್ನೆ ಇನ್ನೊಮ್ಮೆ ಓದಿ" ಎಂದರು. ಓದಿದೆ. ಸಿಬ್ಬಂದಿಯ ದೂರು ಕೇಳುವ ಕ್ರಮ ವಿವರಿಸಿ ಎಂದಿತ್ತು. ಸಿಬ್ಬಂದಿ ಎಂಬ ಮಾತನ್ನು ನಾನು ಕಂಡೇ ಇರಲಿಲ್ಲ. ಅಚ್ಚಾದ ಅಕ್ಷರ, ಕಣ್ಣೆದುರೇ ಇತ್ತು, ಕಂಡಿರಲಿಲ್ಲ. "ಸಿಬ್ಬಂದಿ ದೂರು ಹೇಳೋದೇ ಇಲ್ಲ ಸರ್ ನಮ್ಮಲ್ಲಿ" ಎಂದೆ. ಹೇಳಿದ ಮೇಲೆ ಅದು ನನ್ನ ಕಿವಿಗೇ ಒಂದು ಥರ ಕೇಳಿಸಿತು. ಮೇಷ್ಟ್ರು ನಗಲಿಲ್ಲ. "ಎರಡನೇ ಕಿರುಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ. ನಯನಾ ಹತ್ತಿರ ನೋಟ್ಸಿದೆ" ಎಂದರು.

ಅಂಗಡಿಯಲ್ಲಿ ನಯನಾ ತಡವಾಗಿ ಬಂದರೆ ಗಡಿಯಾರ ತೋರಿಸುವವಳು ನಾನು. ಅವಳ ಬಳಿ ಹೋಗಿ, "ಸ್ವಲ್ಪ ಹೇಳಿಕೊಡ್ತೀಯಾ?" ಎಂದು ಕೇಳಬೇಕಾಯಿತು. ಮರುದಿನದಿಂದ ಚಹಾದ ಹೊತ್ತಿಗೆ ಗೋದಾಮಿನಲ್ಲಿ, ಅಕ್ಕಿ ಮೂಟೆಗಳ ಮೇಲೆ ಕೂತು ಪಾಠ. ಅವಳು ತಾಯಿಗೆ ಫೋನಿನಲ್ಲಿ, 'ನಾನು' ಎಂಬುದು 'ಆನು' ಆಗುವ ತನ್ನ ಮನೆಮಾತಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು: "ಆಯಿ, ಆನು ಮ್ಯಾನೇಜರಿಗೆ ಪಾಠ ಹೇಳ್ತಾ ಇದ್ದೆ. ಸುಳ್ಳಲ್ದೇ, ಖರೇನೇ!"

ಪಾಠ ಕಟ್ಟುನಿಟ್ಟಾಗಿತ್ತು. "ಮೊದಲನೇದು, ದೂರು ಹೇಳೂಕೆ ಬಂದವರನ್ನ ಕೂರಿಸವು" ಎಂದಳು. ಕೂರಿಸಬೇಕು ಎಂದು ಬರೆದುಕೊಂಡೆ. "ಎರಡನೇದು?" ಎಂದೆ. ಚಹಾದ ಲೋಟವನ್ನು ತಿರುಗಿಸುತ್ತ ಇದ್ದವಳು, "ಮೇಡಂ, ಒಂದು ಕೇಳ್ಲಾ? ನಮ್ಮ ಅಂಗಡೀಲಿ ಎಲ್ಲಿ ಕೂರಿಸ್ತ್ರಿ? ಬಿಲ್ಲಿಂಗ್ ಹತ್ರ ಕುರ್ಚಿನೇ ಇಲ್ಲೆ. ಹೇಮಕ್ಕನ ಕಾಲು ಬಾತುಕಂಡು ಚಪ್ಪಲಿ ಹಾಕೂಕೇ ಆಗ್ತಿಲ್ಲೆ" ಎಂದಳು.

ಹೇಮಕ್ಕ ಬಟ್ಟೆ ವಿಭಾಗದವಳು; ನನಗೆ ಸೀರೆ ಮಡಚಲು ಕಲಿಸಿದವಳೇ ಅವಳು. ಕಾಲೇಜಿಗೆ ಹೋಗತೊಡಗಿದ ಮೇಲೆ ನನ್ನ ಹಿಮ್ಮಡಿ ನೋವು ಕಡಿಮೆಯಾಗಿತ್ತು. ಅದನ್ನು ಸರಸ್ವತಿಯ ಕೃಪೆ ಎಂದು ಎಲ್ಲರ ಬಳಿ ಹೇಳಿಕೊಂಡು ತಿರುಗಿದ್ದೆ. ಕೃಪೆ ಬೆಂಚಿನದಾಗಿತ್ತು. ಬೆಳಗಿನ ಹೊತ್ತು ಕೂತಿದ್ದರಿಂದ ಕಾಲು ಸುಧಾರಿಸಿತ್ತು, ಅಷ್ಟೇ. ನಮ್ಮ ಭಾಷೆಯಲ್ಲಿ ಕೂರುವವರಿಗೆ ಎಷ್ಟೊಂದು ಮರ್ಯಾದೆ ನೋಡಿ: ರಾಜನಿಗೆ ಸಿಂಹಾಸನ, ಸ್ವಾಮಿಗಳಿಗೆ ಗದ್ದುಗೆ, ನ್ಯಾಯಾಧೀಶರಿಗೆ ಪೀಠ. ಬಿಲ್ಲಿಂಗಿನ ಹುಡುಗಿಗೆ ಒಂದು ಸ್ಟೂಲೂ ಇಲ್ಲ.

ಹಮೀದ್ ಸಾಹೇಬರಿಗೆ ಫೋನು ಮಾಡಿ ಕುರ್ಚಿ ಬೇಕೆಂದೆ. ಅವರು ಕೆಟ್ಟವರಲ್ಲ, ಆದರೆ ಹಳೆಯ ಕಾಲದ ವ್ಯಾಪಾರಿ. "ಬೇಟಿ, ಗಿರಾಕಿ ನಿಂತಿರುವಾಗ ನಾವು ಕೂತ್ಕೊಂಡ್ರೆ ಅವ್ರು ಏನ್ ತಿಳ್ಕೊಂಡಾರು? ವ್ಯಾಪಾರ ಅಂದ್ರೆ ನಿಂತು ಮಾಡೋದು" ಎಂದರು. ಲಾರಿಯವರು ಬಂದರೆಂದು ಫೋನು ಇಟ್ಟರು. ನಾನೂ ಅಷ್ಟಕ್ಕೇ ಬಿಟ್ಟೆ. ಎದುರು ಮಾತಾಡುವ ಪಾಠ ನಮಗೆ ಇನ್ನೂ ಆಗಿರಲಿಲ್ಲ.

ಎರಡನೇ ಕಿರುಪರೀಕ್ಷೆ ಬಂದದ್ದು ಸರಿಯಾಗಿ ದೀಪಾವಳಿ ವ್ಯಾಪಾರ ಶುರುವಾಗುವ ದಿನ. ಅವತ್ತು ಅಂಗಡಿಯಲ್ಲಿ ಬೆಳಿಗ್ಗೆಯಿಂದಲೇ ಕಾಲಿಡಲು ಜಾಗವಿರುವುದಿಲ್ಲ. ಪರೀಕ್ಷೆ ತಪ್ಪಿಸಿದರೆ ನನ್ನ ಇಡೀ ಸೆಮಿಸ್ಟರು ಹೋಗುತ್ತದೆ. ಬಿಲ್ಲಿಂಗಿನಲ್ಲಿ ಎಲ್ಲರಿಗಿಂತ ಚುರುಕಾದ ನಯನಾಳನ್ನಾದರೂ ಅವತ್ತು ಬೆಳಿಗ್ಗೆ ನಿಲ್ಲಿಸೋಣವೆಂದರೆ ಅವಳಿಗೂ ಅದೇ ಪರೀಕ್ಷೆ. "ನೀನು ಬರೆಯೋದು ಬೇಡ" ಎನ್ನುವ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿದೆ. ಸಾಹೇಬರಿಗೆ ಫೋನು ಮಾಡಿ, "ಬೆಳಿಗ್ಗೆ ನಾನೂ ಇರೋದಿಲ್ಲ, ನಯನಾನೂ ಇರೋದಿಲ್ಲ" ಎಂದೆ. ಕೆಲಸ ಹೋಯಿತು ಎಂದೇ ನಂಬಿ ಕಣ್ಣು ಮುಚ್ಚಿಕೊಂಡಿದ್ದೆ. ಅತ್ತ ಕಡೆಯಿಂದ ಒಂದು ನಿಟ್ಟುಸಿರು ಬಂತು. ಆಮೇಲೆ, "ಬರೀರಿ, ಬರೀರಿ. ನಾನೇ ಬರ್ತೀನಿ. ನೀವೆಲ್ಲ ಹುಟ್ಟೋಕೆ ಮೊದ್ಲೇ ತಕ್ಕಡಿ ಹಿಡಿದವ ನಾನು" ಎಂದರು.

ನಾವಿಬ್ಬರೂ ಪರೀಕ್ಷೆ ಬರೆದು ಓಡೋಡಿ ಬಂದೆವು. ಕೌಂಟರಿನ ಎದುರು ಜನ ಬಾಗಿಲವರೆಗೂ ನಿಂತಿದ್ದರು. ಸಾಹೇಬರು ಮಾತ್ರ ಕಾಣಲಿಲ್ಲ. ಗಾಬರಿಯಿಂದ ಕೌಂಟರಿನ ಹಿಂದೆ ಇಣುಕಿದರೆ, ಬಿಳಿ ಜುಬ್ಬಾದ ತೋಳು ಮಡಚಿಕೊಂಡು, ಮಗುಚಿ ಹಾಕಿದ ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ಕೂತಿದ್ದಾರೆ. ಅಲ್ಲಿಂದಲೇ ಕೈ ಮೇಲೆತ್ತಿ ಸಾಮಾನು ತೆಗೆದುಕೊಳ್ಳುತ್ತಿದ್ದಾರೆ, ಅಲ್ಲಿಂದಲೇ ಚೀಲ ಕೊಡುತ್ತಿದ್ದಾರೆ. ಗಿರಾಕಿಗಳು ಯಾರೂ ಏನೂ ತಿಳಿದುಕೊಂಡಂತಿರಲಿಲ್ಲ. ಸಾಲಿನಲ್ಲಿದ್ದ ಒಬ್ಬ ಅಜ್ಜಿಯಂತೂ, "ಕುಂದರ್ರಿ ಸಾಹೇಬ್ರ, ಏಳಬ್ಯಾಡ್ರಿ, ನಮಗೇನ ಅವಸರಿಲ್ಲ" ಎನ್ನುತ್ತಿದ್ದಳು.

ಸಾಹೇಬರು ನನ್ನನ್ನು ನೋಡಿದರು. ನಾನು ಬಕೆಟ್ಟನ್ನು ನೋಡಿದೆ. "ಏನು ನಗ್ತೀಯ?" ಎಂದರು. ನಾನು ನಕ್ಕಿರಲಿಲ್ಲ, ಹಿಂದೆ ನಿಂತಿದ್ದ ನಯನಾ ನಕ್ಕಿದ್ದಳು. ಸಾಹೇಬರು ಮೊಣಕಾಲು ಹಿಡಿದುಕೊಂಡು ಏಳುತ್ತ, "ಕುರ್ಚಿ ಹೇಳಿಬಿಡು ಬೇಟಿ. ಮೂರೂ ಅಂಗಡಿಗೆ. ಬೆನ್ನಿಗೆ ಆನಿಕೆ ಇರೋದೇ ಹೇಳು" ಎಂದರು. ಮೊದಲ ಕುರ್ಚಿ ಹೇಮಕ್ಕನಿಗೆ ಹೋಯಿತು. ಅವಳು ಮೊದಲ ದಿನವೆಲ್ಲ ಅದರ ತುದಿಯಲ್ಲಿ, ಯಾರೋ ಎಬ್ಬಿಸಲು ಬರುತ್ತಾರೆಂಬಂತೆ ಕೂತಿದ್ದಳು. ಮರುದಿನ ಆರಾಮಾಗಿ ಒರಗಿದಳು.

ಪರೀಕ್ಷೆಯಲ್ಲಿ ಪಾಸಾದೆ. ಆ ವಿಷಯದಲ್ಲಿ ನಯನಾ ತರಗತಿಗೇ ಮೊದಲು, ನಾನು ಮಧ್ಯದಲ್ಲೆಲ್ಲೋ. ಆದರೆ ಹೊಗಳಿಕೆ ಬಂದದ್ದು ನನಗೆ. ಮರುವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಉದ್ಯೋಗ ಮತ್ತು ಓದಿನ ಸಮತೋಲನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾಲೇಜಿನಲ್ಲಿ ಕರೆದು ಶಾಲು ಹೊದಿಸಿದರು. ಮನಸ್ಸಿದ್ದರೆ ಎಲ್ಲವೂ ಸಾಧ್ಯ ಎಂದೆಲ್ಲ ಹೇಳಿದೆ. ಚೆನ್ನಾಗಿ ಚಪ್ಪಾಳೆ ಬಿತ್ತು.

ಅವತ್ತು ಸಂಜೆ ನಯನಾ ನನ್ನ ಮೇಜಿನ ಬಳಿ ಬಂದು, "ಮೇಡಂ, ಒಂದು ದೂರಿತ್ತು" ಎಂದಳು. ಕೂರಿಸಿದೆ. ನೀರು ಕೊಟ್ಟೆ. ಅವಳು ಒಂದೇ ಉಸಿರಿಗೆ ಹೇಳಿದಳು: "ನೀವು ಎರಡನ್ನೂ ಸಂಭಾಳಿಸ್ತ್ರಿ ಹೇಳಿ ಎಲ್ಲರೂ ಹೇಳ್ತ. ಬೇಜಾರು ಮಾಡ್ಕಳಡಿ. ಕಾಲೇಜಲ್ಲಿ ನಿಮ್ಮ ನೋಟ್ಸು ಬರೆಯೋದು ಆನು, ಇಲ್ಲಿ ನೀವು ಓದ್ತಾ ಕೂತ್ರೆ ಸ್ಟಾಕ್ ನೋಡೋದೂ ಆನು. ಸಂಭಾಳಿಸ್ತಾ ಇಪ್ಪದು ಆನು!"

ನಡುವೆ ಬಾಯಿ ಹಾಕಬಾರದು ಎಂದು ಅವಳೇ ಕಲಿಸಿದ್ದಳು. ಹಾಕಲಿಲ್ಲ. ಕೊನೆಗೆ, "ನೀನು ಹೇಳಿದ್ದು ಖರೆ" ಎಂದೆ. ಪರೀಕ್ಷೆಯಾಗಿದ್ದರೆ ಅಷ್ಟಕ್ಕೆ ಅಂಕ ಸಿಗುತ್ತಿತ್ತು. ಇಲ್ಲಿ ಏನಾದರೂ ಮಾಡಬೇಕಿತ್ತು. ಈಗ ನನ್ನ ನೋಟ್ಸು ನಾನೇ ಬರೆದುಕೊಳ್ಳುತ್ತೇನೆ. ನಯನಾ ಬೆಳಕಿರುವಾಗಲೇ ಕಾನಸೂರಿನ ಬಸ್ಸು ಹಿಡಿದು ಮನೆಗೆ ಹೋಗಿ ಓದುತ್ತಾಳೆ. ಅವಳು ಹೋದ ಮೇಲೆ ಬಿಲ್ಲಿಂಗಿಗೆ ನಾನು ಕೂರುತ್ತೇನೆ.

ಆ ಕೆಲಸ ಮರೆತು ವರ್ಷಗಳಾಗಿವೆ. ಯಾವ ಗುಂಡಿ ಒತ್ತಿದರೆ ಯಾವುದು ಬರುತ್ತದೋ ತಿಳಿಯುವುದಿಲ್ಲ. ಮೊನ್ನೆ ಒಬ್ಬರ ಕೊಬ್ಬರಿ ಎಣ್ಣೆಗೆ ಕುಕ್ಕರಿನ ಬಿಲ್ಲು ಹಾಕಿದೆ. ಅವರು ತಾಳ್ಮೆ ಕಳೆದುಕೊಂಡು, "ಎಂತದಮ್ಮ ಇದು! ನಿಮ್ಮ ಮ್ಯಾನೇಜರು ಎಲ್ಲಿ? ಕರೀರಿ ಅವರನ್ನ" ಎಂದು ಕೂಗಿದರು.

ನಾನು ತಲೆ ಎತ್ತದೆ ಹೇಳಿದೆ, "ಅವರು ಕಾಲೇಜಿಗೆ ಹೋಗಿದ್ದಾರೆ ಸರ್. ನಾನು ಹೊಸಬಳು."