ಸಾಸಿವೆ ಬಣ್ಣದ ಲಂಗ

ಇವತ್ತು ನಂಜನಗೂಡಿನ ಹೊಸ ಬಟ್ಟೆ ಅಂಗಡಿಯೊಂದರ ಹಿಂಬದಿಯಲ್ಲಿ ಹೆಂಗಸೊಬ್ಬಳು ಮಾರಾಟವಾಗದ ಫ್ರಾಕುಗಳನ್ನು ಕತ್ತರಿಸಿ ಕಸದ ಚೀಲಕ್ಕೆ ತುಂಬುತ್ತಿದ್ದಳು. ಯಾಕಮ್ಮಾ ಎಂದೆ. “ಅಂಗೇ ಬಿಸಾಕುದ್ರೆ ಜನ ಎತ್ಕೊಂಡೋಗಿ ಆಕ್ಕೋತಾರೆ ಅಂತ ಓನರ್ ಏಳವ್ರೆ ಕಣಕ್ಕ” ಎಂದಳು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು.

ಅದು ತಿ. ನರಸೀಪುರದಲ್ಲಿದ್ದ ನಮ್ಮಪ್ಪನ ಅಂಗಡಿಯದೇ ವಾಸನೆ. ವರ್ಷವಿಡೀ ಮಾರದೆ ಉಳಿದ ಬಟ್ಟೆಯನ್ನು ಅಪ್ಪ ಯುಗಾದಿಗೆ ಮುಂಚೆ ಥಾನಿನ ಸುರುಳಿಯಿಂದ ಹರಿದು, ಬೇಕಾದವರ ಮನೆಗೆ ಕಳಿಸುತ್ತಿದ್ದರು. ಒಂದು ಸಲ ನನ್ನ ಗೆಳತಿ ಗೌರಿ ಅದರಲ್ಲೇ ಹೊಲಿಸಿದ ಸಾಸಿವೆ ಬಣ್ಣದ ಲಂಗ ಉಟ್ಟು ಸ್ಕೂಲಿಗೆ ಬಂದಳು. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ಅದು ನಮ್ಮಂಗ್ಡೀಲಿ ಯಾರೂ ತಗೊಳ್ದೇ ಇದ್ದ ಬಟ್ಟೆ ಕಣ್ರೇ” ಎಂದುಬಿಟ್ಟೆ.

ಮಾರನೆಯ ದಿನ ಗೌರಿ ತೇಪೆ ಹಾಕಿದ ಹಳೇ ಲಂಗದಲ್ಲಿ ಬಂದಳು.

ಮಾತು ಅಪ್ಪನ ಕಿವಿಗೆ ಬಿತ್ತು. ಬೈಯಲಿಲ್ಲ. “ತಪ್ಪು ನಂದು ಕಣವ್ವ. ಮೊದ್ಲು ನಾವು ಆಕ್ಕೊಂಡು ಆಮೇಲೆ ಕೊಡ್ಬೇಕಾಗಿತ್ತು” ಎಂದರು. ಅದೇ ಥಾನಿನಲ್ಲಿ ನನಗೊಂದು ಲಂಗ, ತಮಗೊಂದು ಅಂಗಿ ಹೊಲಿಸಿದರು. ಹಬ್ಬದ ದಿನ ಆ ಸಾಸಿವೆ ಬಣ್ಣದ ಅಂಗಿ ತೊಟ್ಟೇ ಅಂಗಡಿಯ ಬಾಗಿಲು ತೆರೆದರು. ಗೌರಿ ಮಾತ್ರ ಆ ಲಂಗವನ್ನು ಮತ್ತೆ ಉಡಲೇ ಇಲ್ಲ.

ಫ್ರಾಕು ಕತ್ತರಿಸುತ್ತಿದ್ದ ಆ ಹೆಂಗಸಿಗೆ ಇದು ತಪ್ಪು ಎನ್ನಲು ಹೋದವಳು ಹಿಂದೆ ಸರಿದೆ. ಗೌರಿಯ ಲಂಗಕ್ಕೆ ನನಗೆ ಅವತ್ತು ಕತ್ತರಿಯೂ ಬೇಕಾಗಿರಲಿಲ್ಲ.