ಹೇರೋಹಳ್ಳಿಯ ಮೂರು ಕುಂಟೆಗಳು

ಎಂ.ಎ. ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ನಮ್ಮೂರು ಹೇರೋಹಳ್ಳಿಯ ಕುಂಟೆಗಳು. ದನಗಳಿಗೆ ನೀರು ಕುಡಿಸುತ್ತಿದ್ದ ಮೂರು ಸಣ್ಣ ಕುಂಟೆಗಳಿದ್ದವೆಂದು ಅಜ್ಜಿ ಹೇಳುತ್ತಿದ್ದಳು. ಈಗ ಅಲ್ಲೆಲ್ಲ ಮನೆಗಳು. ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಜೋಡಿಸಿ ಮೊದಲ ಅಧ್ಯಾಯ ಬರೆದುಕೊಟ್ಟೆ. ಯಾವ ಮಾತು ಎಲ್ಲಿಂದ ಬಂತು ಎಂದು ಗೈಡ್ ಮೇಡಂ ಕೇಳಿದರು. ಫೋನಿನಲ್ಲಿ ಸಿಕ್ಕಿತು ಎಂದಷ್ಟೇ ಹೇಳಿದೆ. ಬೇರೆ ವಿಷಯ ತೆಗೆದುಕೋ ಎಂದರು. ನಾನು ಒಪ್ಪಲಿಲ್ಲ, ಒಂದು ತಿಂಗಳು ಸಮಯ ಕೇಳಿದೆ.

ಮಾರನೆಯ ದಿನವೇ ಬಸ್ಸು ಹತ್ತಿ ವಿಜಯನಗರ ಬಡಾವಣೆಯ ಒಂದು ಗ್ರಂಥಾಲಯಕ್ಕೆ ಹೋದೆ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರು ಆಗಲೇ ಕುರ್ಚಿಗಳನ್ನೆಲ್ಲ ಹಿಡಿದಿದ್ದರು. ಹೇರೋಹಳ್ಳಿಯ ಮೇಲೆ ಪುಸ್ತಕವಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿದೆ. ಇಲ್ಲವೆಂದರು. ಸಪ್ಪೆ ಮೋರೆ ಹಾಕಿಕೊಂಡು ಹೊರಟವಳನ್ನು ಅವರೇ ಕರೆದರು.

"ಪುಸ್ತಕ ಇಲ್ಲ ಅಂದೆ, ವಿಷಯ ಇಲ್ಲ ಅನ್ಲಿಲ್ಲ. ನಿಂಗೆ ಏನ್ ಗೊತ್ತಾಗ್ಬೇಕು, ಒಂದೇ ಸಾಲಲ್ಲಿ ಬರ್ಕೊಂಡು ಬಾಮ್ಮ."

ಆ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಕುಂಟೆಗಳು ಎಲ್ಲಿದ್ದವು, ಯಾವಾಗ ಮುಚ್ಚಿಹೋದವು ಎಂದು ಬರೆದೆ. ಊರಿನ ಹೆಸರು ಬಿಟ್ಟು ತಾಲ್ಲೂಕಿನ ಹೆಸರಿನಲ್ಲಿ, ಕೆರೆ, ನೀರಾವರಿ, ಭೂಮಾಪನ ಎಂಬ ಪದಗಳಲ್ಲಿ ಹುಡುಕಲು ಅವರು ಹೇಳಿದರು. ಜೊತೆಗೆ, ಯಾವ ಪುಸ್ತಕ ಸಿಕ್ಕರೂ ಮೊದಲು ಅದರ ಕೊನೆಯ ಪುಟಗಳನ್ನು ನೋಡಬೇಕು, ಅದನ್ನು ಬರೆದವರು ಏನೇನು ಓದಿದ್ದರೆಂಬ ಪಟ್ಟಿ ಅಲ್ಲಿರುತ್ತದೆ ಎಂದರು.

ಹಾಗೆ ನಾಲ್ಕನೆಯ ಪುಸ್ತಕದ ಪಟ್ಟಿಯಲ್ಲಿ ಹಳೆಯ ಭೂಮಾಪನ ವರದಿಯೊಂದರ ಹೆಸರು ಸಿಕ್ಕಿತು. ಅದು ಕೆಂಗೇರಿಯ ಕಡೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿತ್ತು. ಮೆಟ್ರೋದಲ್ಲಿ ಹೋದೆ. ನಾನು ಓದುವ ಕಾಲೇಜಿನ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ಮರುದಿನ ಪತ್ರ ಒಯ್ದೆ, ಅದರಲ್ಲಿ ಸೀಲು ಇರಲಿಲ್ಲ. ಮೂರನೆಯ ದಿನ ಸೀಲು ಹಾಕಿಸಿಕೊಂಡು ಹೋದಾಗ ಕೌಂಟರಿನ ಆಂಟಿ ನಕ್ಕು ಒಳಗೆ ಬಿಟ್ಟರು.

ವರದಿಗೆ ಅಂಟಿಸಿದ್ದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದೆ. ನಮ್ಮೂರ ಹೆಸರಿನ ಪಕ್ಕದಲ್ಲೇ ಎರಡು ನೀಲಿ ಗುರುತುಗಳಿದ್ದವು. ಫೋಟೋ ತೆಗೆಯುವಂತಿರಲಿಲ್ಲ. ಸಂಜೆಯವರೆಗೆ ಕೂತು ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡೆ. ಮನೆಗೆ ಬಂದ ಮೇಲೆ ನೋಡಿದರೆ ಪುಟದ ಸಂಖ್ಯೆಯನ್ನೇ ಬರೆದುಕೊಂಡಿರಲಿಲ್ಲ. ಆ ಒಂದು ಸಂಖ್ಯೆಗಾಗಿ ಮತ್ತೆ ಕೆಂಗೇರಿಗೆ ಹೋದೆ. ಅಲ್ಲಿಂದ ಮುಂದೆ ಪುಸ್ತಕದ ಹೆಸರು, ಪುಟ, ಗ್ರಂಥಾಲಯ ಮೂರನ್ನೂ ಬರೆಯದೆ ಒಂದು ಸಾಲನ್ನೂ ನಕಲು ಮಾಡಿಲ್ಲ.

ಮೂರನೆಯ ಕುಂಟೆ ಯಾವ ದಾಖಲೆಯಲ್ಲೂ ಸಿಗಲಿಲ್ಲ. ಇತ್ತೆಂದು ಬರೆದುಬಿಡುವ ಆಸೆಯಾಯಿತು. ಕೊನೆಗೆ, ಎಲ್ಲೆಲ್ಲಿ ಹುಡುಕಿದೆ, ಎಲ್ಲಿ ಸಿಗಲಿಲ್ಲ ಎಂಬುದನ್ನೇ ಒಂದು ಪುಟ ಬರೆದೆ.

ಮೇಡಂ ಅಧ್ಯಾಯವನ್ನು ನನ್ನೆದುರೇ ಓದಿದರು. ಕೊನೆಯ ಆ ಪುಟವನ್ನು ಎರಡು ಸಲ ಓದಿದರು.

"ಇದನ್ನ ತೆಗೀಬೇಡ," ಎಂದರು. "ಎರಡನೇ ಅಧ್ಯಾಯ ಯಾವಾಗ ಕೊಡ್ತೀಯಾ?"